ದೆವ್ವಕ್ಕೆ ನಮಸ್ಕಾರ ಹೇಳುವ ಮಕ್ಕಳು

ಬೆಳಕು ಹರಿಯುವ ಮುನ್ನವೇ ಹಾತ್ಸುಯೊ ಅಜ್ಜಿಯ ಒಲೆ ಉರಿಯುತ್ತಿದೆ. ಸುವರ್ಣಗಡ್ಡೆಯ ಬಳಗದ ಗಡ್ಡೆಯೊಂದನ್ನು ಬೇಯಿಸಿ ಅರೆದು, ಸುಣ್ಣದ ತಿಳಿ ಬೆರೆಸಿ, ಎಪ್ಪತ್ತು ದಾಟಿದ ಅಜ್ಜಿ ಕೈಯಲ್ಲೇ ನಾದುತ್ತಿದ್ದಾರೆ. ಇದು ಬೆಂದು ಬೂದುಬಣ್ಣದ ಗಟ್ಟಿಯಾದರೆ ಕೊನ್ಯಾಕು. ನಮ್ಮೂರವರ ಸಾರಿಗೆ ಬೇಕೇ ಬೇಕು. ಇವತ್ತು ಒಂದು ಗಟ್ಟಿ ಮಾತ್ರ ಸಾರಿಗಲ್ಲ, ಮಕ್ಕಳ ಕುತ್ತಿಗೆಗೆ.

ಬೇಸಿಗೆಯ ಮಕ್ಕಳ ಕೂಟದ ದಿನ ಕತ್ತಲಾದ ಮೇಲೆ ಧೈರ್ಯಪರೀಕ್ಷೆಗೆಂದು ಎಲ್ಲ ಮಕ್ಕಳೂ ಸ್ಮಶಾನದ ದಾರಿಯಲ್ಲಿ ನಡೆದು ಬರಬೇಕು. ಪೊದೆಯ ಹಿಂದೆ ದೆವ್ವವಾಗಿ ಕೂತ ಅಜ್ಜಿ ಗಾಳದ ಕೋಲಿಗೆ ಕಟ್ಟಿದ ತಣ್ಣನೆಯ, ಲೋಳೆಲೋಳೆ ಕೊನ್ಯಾಕನ್ನು ಅವರ ಕತ್ತಿಗೆ ತಾಗಿಸಬೇಕು. ಗಂಡ ಮಾಡುತ್ತಿದ್ದ ಕೆಲಸ. ಅವರು ತೀರಿಕೊಂಡ ಮೇಲೆ ಇವರ ತಲೆಗೆ ಬಿತ್ತು. ಸಂಬಳವಿಲ್ಲ, ಸೊಳ್ಳೆ ಮಾತ್ರ ಬೇಕಾದಷ್ಟು.

ಆದರೆ ಹೆದರುವವರು ಯಾರು? ಹೋದ ವರ್ಷ ಒಬ್ಬ ಹುಡುಗ ಕೊನ್ಯಾಕನ್ನು ಕಚ್ಚಿ ನೋಡಿ, ಉಪ್ಪು ಕಡಿಮೆ ಅಂದ. ಉಳಿದವರು ಪೊದೆಗೆ ತಲೆಬಾಗಿ, ಅಜ್ಜಿಗೆ ಪಾಪ ಎಷ್ಟು ಕಷ್ಟ ಎಂದು ಉಪಚಾರ ಹೇಳಿ ಮುಂದೆ ಹೋದರು.

"ದೆವ್ವಕ್ಕೆ ಯಾರಾದ್ರೂ ಪಾಪ ಅಂತಾರಾ? ಅವತ್ತೇ ಕೋಲು ಮುರಿದು ಒಲೆಗೆ ಹಾಕ್ಬೇಕು ಅನ್ನಿಸ್ತು" ಎಂದು ಅಜ್ಜಿ ಹಿಟ್ಟನ್ನು ಗುದ್ದುತ್ತಾರೆ.

ಮಕ್ಕಳ ಸಂಘದ ಮುಖ್ಯಸ್ಥ ಕೊಬಾರಿಯವರದು ಇನ್ನೊಂದು ತರಲೆ. ಮಕ್ಕಳು ಅಳಬಾರದು ಎಂದು ತಾಯಂದಿರು ಹೇಳಿದ್ದೇ ತಡ, ದಾರಿಯ ನಕ್ಷೆ ಬರೆದು, 'ಅಜ್ಜಿ ಇಲ್ಲಿ' ಎಂದು ಕೆಂಪು ಗುರುತು ಹಾಕಿ ಮನೆಮನೆಗೆ ಹಂಚಿದ್ದಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಮೇಲಾಗಿ, ಈ ಸಲವೂ ಮಕ್ಕಳಿಗೆ ಬೇಜಾರಾದರೆ ಮುಂದಿನ ವರ್ಷದಿಂದ ನಡಿಗೆ ನಿಲ್ಲಿಸಿ ಸಭಾಭವನದಲ್ಲಿ ಸಿನಿಮಾ ಹಾಕುತ್ತಾರಂತೆ. ಊರಲ್ಲಿ ಉಳಿದಿರುವುದೇ ಆರು ಮಕ್ಕಳು. ಅಜ್ಜಿಗೆ ಈ ಮಾತು ನಿಜಕ್ಕೂ ನೋವು ತಂದಿದೆ.

"ಒಟ್ಟಿಗೆ ಹೆದರಿದ ಮಕ್ಕಳು ಒಬ್ರ ಕೈ ಒಬ್ರು ಬಿಡಲ್ಲ. ಸಿನಿಮಾ ನೋಡೋವಾಗ ಯಾರು ಯಾರ ಕೈ ಹಿಡೀತಾರೆ?"

ಕತ್ತಲಾಗುತ್ತದೆ. ಕಂದೀಲು ಹಿಡಿದ ಕೊಬಾರಿ ಮುಂದೆ, ಮಕ್ಕಳು ಹಿಂದೆ. ಕೆಂಪು ಗುರುತಿನ ಪೊದೆ ಬಂದಾಗ ಎಲ್ಲರೂ ನಿಂತು, ಬಾಗಿ, ಅಜ್ಜಿಯ ಕ್ಷೇಮ ವಿಚಾರಿಸುತ್ತಾರೆ. ಪೊದೆ ಮಾತಾಡುವುದಿಲ್ಲ. ಅಜ್ಜಿ ಅಲ್ಲಿದ್ದರೆ ತಾನೆ! ಸಿಟ್ಟಿನಿಂದ, ನನ್ನನ್ನು ಬಿಟ್ಟು ಯಾರಿಗೂ ಹೇಳದೆ ತಿರುವಿನಾಚೆಯ ದೇವದಾರು ಮರದ ಹಿಂದೆ ಹೋಗಿ ಕೂತಿದ್ದಾರೆ. ಪಕ್ಕದಲ್ಲಿ ಕೊನ್ಯಾಕಿನ ಬಟ್ಟಲು ಹಿಡಿದು ನೆರೆಮನೆಯ ನಾನು. ಇನ್ನೇನು ಮುಗಿಯಿತೆಂದು ನಗುತ್ತ ಬಂದ ಮೊದಲ ಕತ್ತಿಗೆ ಕೊನ್ಯಾಕು ತಪ್ಪನೆ ಬೀಳುತ್ತದೆ. ಅದು ಕೊಬಾರಿಯವರ ಕತ್ತು. ಕಂದೀಲು ಬಿಸಾಕಿ ಅವರು ಕಿರುಚಿ ಓಡಿದ ರಭಸ ಕಂಡು, ಆರೂ ಮಕ್ಕಳು ಕೈಕೈ ಹಿಡಿದು ಚೀರುತ್ತ ಅವರ ಹಿಂದೆ ಓಡುತ್ತಾರೆ.

ಮರುದಿನ ಬೆಳಿಗ್ಗೆ ಕೊಬಾರಿ, ಅಜ್ಜಿಯ ಮನೆ ಬಾಗಿಲಲ್ಲಿ ನಿಂತಿದ್ದಾರೆ. ಮುಂದಿನ ವರ್ಷದ ನಡಿಗೆ ಯಾವಾಗ ಎಂದು ಮಕ್ಕಳು ಈಗಲೇ ಪ್ರಾಣ ತಿನ್ನುತ್ತಿದ್ದಾರಂತೆ. ನಡಿಗೆ ಇರಲಿ, ಆದರೆ ಎಲ್ಲಿ ಕೂರುತ್ತೀರೆಂದು ನನಗೊಬ್ಬನಿಗಾದರೂ ಹೇಳಿ ಎಂದು ಕೇಳಿಕೊಳ್ಳುತ್ತಾರೆ.

ಅಜ್ಜಿ ನಾದುವ ಕೈ ನಿಲ್ಲಿಸುವುದಿಲ್ಲ. "ನೀವು ಚಿಕ್ಕವರಿದ್ದಾಗ ಇದೇ ದಾರೀಲಿ ನಮ್ಮ ಯಜಮಾನ್ರು ನಿಮಗೆ ಹೇಳಿ ಹೆದರಿಸ್ತಿದ್ರಾ, ಕೊಬಾರಿಯವರೇ?"