ಕೆರೆ ಏರಿಯ ಬಲ ತಿರುವು

ಬೈಕಿನ ಹಿಂದೆ ಸೀರೆ ಉಟ್ಟು ಕೂರುವ ಹೆಂಗಸಿಗೆ ರಸ್ತೆಯ ಒಂದು ಮಗ್ಗುಲು ಮಾತ್ರ ಕಾಣುತ್ತದೆ. ಕಾಲೆರಡೂ ಎಡಕ್ಕೆ, ಮುಖವೂ ಎಡಕ್ಕೆ. ಮದುವೆಯಾಗಿ ಹಾಲ್ಕುರಿಕೆ ಕಡೆಯ ಈ ಊರಿಗೆ ಬಂದಾಗಿನಿಂದ ತಿಪಟೂರಿನ ದಾರಿಯನ್ನು ನಾನು ಅರ್ಧ ಹೋಗುವಾಗ, ಉಳಿದರ್ಧ ಬರುವಾಗ ನೋಡಿಕೊಂಡು ಬಂದವಳು. ಯಾರಾದರೂ ದಾರಿಯಲ್ಲಿ ಹೊಸ ಪೆಟ್ರೋಲ್ ಬಂಕ್ ಆಗಿದೆಯಂತಲ್ಲ ಎಂದರೆ, ಅದು ಹೋಗುವಾಗ ಸಿಗುತ್ತದೋ ಬರುವಾಗ ಸಿಗುತ್ತದೋ ಎಂದು ಕೇಳಿಕೊಂಡೇ ಮುಂದಿನ ಮಾತಾಡುತ್ತೇನೆ.

ವಾರಕ್ಕೊಮ್ಮೆಯಾದರೂ ತಿಪಟೂರಿಗೆ ಹೋಗಲೇಬೇಕು. ಅಲ್ಲಿನ ಒಂದು ಟೈಲರ್ ಅಂಗಡಿಯ ಸಾಬರು ಕೊಡುವ ರವಿಕೆಗಳಿಗೆ ಹುಕ್ಸು, ಸೀರೆಗಳಿಗೆ ಫಾಲ್ಸು ಹೊಲಿದು ಕೊಡುವುದು ನನ್ನ ಕೆಲಸ. ಕರೆದುಕೊಂಡು ಹೋಗುವುದು ನಮ್ಮ ಯಜಮಾನರ ಕೆಲಸ. ಮದುವೆಯಾದ ಹೊಸದರಲ್ಲಿ, ನಾನು ಒಮ್ಮೆ ಬಸ್ಸಿಗೆ ಕಾದು ಕಾದು ಮುಖ ಬಾಡಿಸಿಕೊಂಡು ಬಂದಾಗ ಅವರು ಹೇಳಿದ್ದರು: “ಇನ್ಮೇಲೆ ಬಸ್ಸಿಗೆ ಕಾಯ್ಬೇಡ ಕಣೇ. ಎಲ್ಲಿಗೆ ಬೇಕಾದ್ರೂ ಹೇಳು, ನಾನೇ ಬಿಡ್ತೀನಿ.” ಮದುವೆಯಾದ ಹೊಸದರಲ್ಲಿ ಗಂಡಸರು ಇಂಥ ಮಾತು ಬೇಕಾದಷ್ಟು ಆಡುತ್ತಾರೆ. ಇವರು ಆಡಿದ್ದನ್ನು ನಡೆಸಿಕೊಂಡು ಬಂದರು. ತುರುವೇಕೆರೆ ಕಡೆಯ ನನ್ನ ತವರಿಗೆ, ಮದುವೆ ಮುಂಜಿಗೆ, ಸಾವಿಗೆ, ಎಲ್ಲದಕ್ಕೂ ಅದೇ ಬೈಕು, ಅದೇ ಬೆನ್ನು. ಊರಿನಲ್ಲಿ ಅವರ ವಾರಿಗೆಯವರು “ಏನ್ಲಾ ಡ್ರೈವರ್ರೇ, ಇವತ್ತು ಯಾವ ರೂಟು?” ಎಂದು ರೇಗಿಸುತ್ತಿದ್ದರು. ಇವರಿಗೆ ಅದರಲ್ಲೇ ಒಂದು ಹೆಮ್ಮೆ.

ನಮ್ಮೂರ ಕೆರೆ ಏರಿ ಮುಗಿಯುವಲ್ಲಿ ಒಂದು ತಿರುವಿದೆ. ತಿಪಟೂರಿಗೆ ಹೋಗುವಾಗ ಅದು ಬಲಕ್ಕೆ, ಬರುವಾಗ ಎಡಕ್ಕೆ. ಓಡಿಸುವವರಿಗೆ ಅದು ಒಂದೇ ತಿರುವು ಇರಬಹುದು. ಹಿಂದೆ ಅಡ್ಡ ಕೂತವಳಿಗೆ ಅವು ಎರಡು. ಎಡಕ್ಕೆ ವಾಲಿದಾಗ ನೆಲ ಎದ್ದು ನನ್ನ ಮೇಲೇ ಬರುತ್ತದೆ. ಕಾಲ ಕೆಳಗೆ ಜಲ್ಲಿಕಲ್ಲು ಓಡುತ್ತಿರುತ್ತದೆ, ಚಪ್ಪಲಿ ಜಾರಿತೋ ಅನ್ನಿಸುತ್ತದೆ, ಸೀಟಿನ ಕಂಬಿಯನ್ನು ಹಿಡಿದ ಕೈ ಬೆವರುತ್ತದೆ. ಬಲಕ್ಕೆ ವಾಲಿದಾಗ ಹಾಗಲ್ಲ. ಹಿಂದಕ್ಕೆ ಒರಗಿದಂತಾಗಿ ಮುಖ ತಾನಾಗಿ ಮೇಲಾಗುತ್ತದೆ, ಏರಿಯ ಕೆಳಗಿನ ತೋಟದ ತೆಂಗಿನ ಗರಿಗಳೆಲ್ಲ ಒಮ್ಮೆಲೇ ತಲೆಯ ಮೇಲೆ ತಿರುಗುತ್ತವೆ. ಆ ಒಂದು ಗಳಿಗೆ ಯಾರೋ ತೊಟ್ಟಿಲು ತೂಗಿದಂತೆ. ಇದನ್ನು ನಾನು ಇವರಿಗೆ ಒಮ್ಮೆ ಆಸೆಯಿಂದ ಹೇಳಿದ್ದೆ.

“ರಸ್ತೆ ನೋಡೋನಿಗೆ ಗರಿ ಯಾಕೆ ಕಣೇ? ನಾನೂ ಗರಿ ನೋಡ್ತಾ ಕೂತ್ರೆ ಇಬ್ರೂ ಕೆರೆ ಒಳಗಿರ್ತೀವಿ,” ಅಂದಿದ್ದರು.

ಅದೂ ನಿಜವೇ. ಹಾಗಾಗಿ ಗರಿಗಳು ನನ್ನ ಪಾಲಿಗೇ ಉಳಿದವು.

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಆ ಬಲ ತಿರುವು ಕೆಟ್ಟಿತು. ವೇಗ ತಗ್ಗಿಸದೆ ತಿರುಗಿಸುತ್ತಿದ್ದ ಮನುಷ್ಯ, ಏರಿಯ ಅರ್ಧದಲ್ಲೇ ಗೇರು ಇಳಿಸಲು ಶುರು ಮಾಡಿದರು. ತಿರುವು ಬರುವಷ್ಟರಲ್ಲಿ ಬೈಕು ನಿಂತಿತೋ ಏನೋ ಎಂಬಷ್ಟು ನಿಧಾನ. ಎರಡು ಕಾಲನ್ನೂ ನೆಲಕ್ಕೆ ತೇಲಿಸಿಕೊಂಡು, ಕತ್ತನ್ನು ಬಲಕ್ಕೆ ಪೂರಾ ತಿರುಗಿಸಿ, ಹೆಜ್ಜೆ ಹೆಜ್ಜೆಗೂ ನೋಡಿಕೊಂಡು ದಾಟಿಸುತ್ತಿದ್ದರು. ಗರಿಗಳು ಇದ್ದಲ್ಲೇ ಇದ್ದವು, ನನ್ನ ಮುಖ ಮೇಲಾಗುತ್ತಿರಲಿಲ್ಲ. ಆದರೆ ಬರುವಾಗ ಅದೇ ತಿರುವಿನಲ್ಲಿ, ಎಡಕ್ಕೆ, ಮೊದಲಿನ ಹಾಗೇ ಜುಯ್ಯೆಂದು ಬರುತ್ತಿದ್ದರು.

“ಏನ್ರೀ ಇದು, ಎಮ್ಮೆ ಮೇಲೆ ಕೂತಂಗಾಯ್ತು,” ಅಂದೆ ಒಂದು ದಿನ.

“ಮರಳು ಬಿದ್ದೈತೆ ಕಣೇ ಅಲ್ಲಿ.”

ಮಳೆ ಬಂದು ಮರಳೆಲ್ಲ ಕೊಚ್ಚಿಹೋಯಿತು. ಆಮೇಲೆ ಲಾರಿ ಬರುತ್ತವೆ ಅಂದರು. ಆಮೇಲೆ ಬೈಕೇ ಎಡಕ್ಕೆ ಎಳೆಯುತ್ತಿದೆ, ಬಲಕ್ಕೆ ಬಗ್ಗುತ್ತಿಲ್ಲ ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟೂ ಅಂದೆ.

ಕೊನೆಗೆ ತಿಪಟೂರಿನ ಮೆಕ್ಯಾನಿಕ್ ಹತ್ತಿರ ಹೋದೆವು. ಅವನು ನಮ್ಮ ಟೈಲರ್ ಸಾಬರ ತಮ್ಮ, ಬಾಯಿ ಸುಮ್ಮನಿರದ ಆಸಾಮಿ. ಟೈರು ನೋಡಿದ, ಮುಂದಿನ ಫೋರ್ಕ್ ನೋಡಿದ, ತಾನೇ ಹತ್ತಿ ರಸ್ತೆಯಲ್ಲಿ ಎಡಕ್ಕೂ ಬಲಕ್ಕೂ ಸುತ್ತು ಹೊಡೆದು ಬಂದ.

“ಗಾಡಿಗೆ ಏನೂ ಆಗಿಲ್ಲ ಅಣ್ಣ. ಎಲ್ರಿಗೂ ಒಂದ್ ಕಡೆ ಧೈರ್ಯ ಜಾಸ್ತಿ, ಒಂದ್ ಕಡೆ ಕಮ್ಮಿ. ಅಮ್ಮ ಕಾಲು ಎಡಕ್ಕೆ ಹಾಕ್ಕೊಂಡು ಕೂರ್ತಾರಲ್ಲ, ಭಾರ ಆ ಕಡೆ ಬೀಳ್ತದೆ. ಅದಕ್ಕೇ ಎಡಕ್ಕೆ ಸಲೀಸು.”

ಯಜಮಾನರಿಗೆ ಸ್ವರ್ಗವೇ ಸಿಕ್ಕಿತು. “ನೋಡ್ದಾ? ನಿನ್ ಭಾರ ಕಣೇ. ಈಚೀಚೆಗೆ ನೀನು ದಪ್ಪ ಆಗಿದ್ದೀಯ.”

ನನಗೆ ಸಿಟ್ಟು ನೆತ್ತಿಗೇರಿತು. ಒಂದೆರಡು ವಾರ ರಾತ್ರಿ ಮುದ್ದೆ ಬಿಟ್ಟು ಬರೀ ಮಜ್ಜಿಗೆ ಕುಡಿದೆ. ತಿರುವು ಬಂದಾಗ ಬಲಕ್ಕೆ ಜರುಗಿ ಕೂತು ನೋಡಿದೆ. ಏನು ಮಾಡಿದರೂ ಆ ತಿರುವು ಸರಿಹೋಗಲಿಲ್ಲ.

ಸರಿಹೋಗದ್ದು ಯಾಕೆಂದು ತಿಳಿದದ್ದು ಸೂಜಿಯಿಂದ. ನನಗೆ ಹತ್ತಿರದ್ದು ಮಂಜಾಗಿ ಕನ್ನಡಕ ಬಂದ ಮೇಲೆ ಸೂಜಿಗೆ ದಾರ ಪೋಣಿಸಿಕೊಡುವುದು ಇವರೇ. ದಾರದ ತುದಿಯನ್ನು ತುಟಿಗೆ ಒತ್ತಿ ಒದ್ದೆ ಮಾಡಿ ಒಂದೇ ಏಟಿಗೆ ಪೋಣಿಸಿ, “ಕಣ್ಣು ಅಂದ್ರೆ ಇದು ಕಣೇ” ಎಂದು ಕೊಡುತ್ತಿದ್ದರು. ಅವತ್ತು ಜಗಲಿಯ ಮೇಲೆ ಕೂತು ಕೊಟ್ಟೆ. ದಾರ ಸೂಜಿಯ ಮುಂದೆ ಹೋಯಿತು, ಹಿಂದೆ ಹೋಯಿತು, ಒಮ್ಮೆಯೂ ತೂತಿನೊಳಗೆ ಹೋಗಲಿಲ್ಲ. ಹಣೆಯಲ್ಲಿ ಬೆವರು ಬಂತು.

“ಈ ಸೂಜಿಗೆ ತೂತೇ ಇಲ್ಲ ಕಣೇ,” ಎಂದು ಕೊಟ್ಟುಬಿಟ್ಟರು.

ನಾನು ನಕ್ಕೆ. ನಗುತ್ತ ಒಳಗೆ ಹೋದವಳಿಗೆ ಒಲೆಯ ಮುಂದೆ ನಿಂತಾಗ ನಗು ನಿಂತುಹೋಯಿತು. ಕಾಫಿ ಲೋಟ ತಂದು ಅವರ ಬಲಗಡೆ ನಿಂತು ಸುಮ್ಮನೆ ಚಾಚಿದೆ. ಅವರು ಅಂಗಳ ನೋಡುತ್ತಿದ್ದರು, ತಿರುಗಲಿಲ್ಲ. ಲೋಟವನ್ನು ಕೆನ್ನೆಯ ಹತ್ತಿರಕ್ಕೆ ಒಯ್ದೆ. ಆಗಲೂ ತಿರುಗಲಿಲ್ಲ. “ರೀ” ಎಂದೆ. ಬೆಚ್ಚಿಬಿದ್ದು ಕೈ ಎತ್ತಿದರು, ಕಾಫಿಯೆಲ್ಲ ಅಂಗಳದ ತೆಂಗಿನ ಸಿಪ್ಪೆಯ ಮೇಲೆ ಚೆಲ್ಲಿತು. ನಾನು ಅಲ್ಲೇ ಕೂತೆ.

“ಯಾವಾಗಿಂದ?”

“ಏನು?”

“ಬಲಗಣ್ಣು.”

ಅವರು ಹೆಗಲ ಮೇಲಿನ ಟವೆಲ್ಲಿನಿಂದ ಕೈ ಒರೆಸಿಕೊಂಡರು. ಆಮೇಲೆ ಹೇಳಿದರು. ಆ ಬೇಸಿಗೆಯ ಮೊದಲಲ್ಲಿ, ಅಟ್ಟದಲ್ಲಿ ಒಣಗಿದ ಕಾಯಿಗಳನ್ನು ಇಳಿಸಿ ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದಾಗ, ಮಚ್ಚಿನ ಏಟಿಗೆ ಒಂದು ಚೂರು ಸಿಡಿದು ಕಣ್ಣಿಗೆ ಬಡಿದಿತ್ತು. ನನಗೂ ನೆನಪಿತ್ತು. ಕಣ್ಣು ಕೆಂಪಾಗಿದೆಯಲ್ಲ ಎಂದು ಕೇಳಿದ್ದಕ್ಕೆ ಧೂಳು ಅಂದಿದ್ದರು. ಕೆಂಪು ಇಳಿಯಿತು, ಮಂಜು ಮಾತ್ರ ಬೆಳೆಯುತ್ತ ಹೋಯಿತು.

“ಆಸ್ಪತ್ರೆಗೆ ಹೋಗಕ್ಕೇನಾಗಿತ್ತು ನಿಮಗೆ?”

“ಹೋದ್ರೆ ಗಾಡಿ ಓಡಿಸ್ಬೇಡ ಅಂತಾರೆ.”

“ಅಂದ್ರೆ ಅನ್ಲಿ!”

“ಆಮೇಲೆ ನಿನ್ನ ಯಾರೇ ಕರ್ಕೊಂಡು ಹೋಗ್ತಾರೆ?”

ಆ ಮಾತು ಕೇಳಿ ನನಗೆ ಬಂದದ್ದು ಅಳುವೋ ಸಿಟ್ಟೋ ಈಗಲೂ ಗೊತ್ತಿಲ್ಲ. ಎರಡೂ ಒಟ್ಟಿಗೇ ಬಂದಿರಬೇಕು. “ಒಂದು ಕಣ್ಣಲ್ಲಿ ಎರಡು ಜೀವ ಹೊತ್ಕೊಂಡು ತಿರುಗಿದ್ದೀರಲ್ರೀ. ಲಾರಿಗೆ ಸಿಕ್ಕಿ ಸತ್ತಿದ್ರೆ ಆಗ ಯಾರು ಕರ್ಕೊಂಡು ಹೋಗ್ತಿದ್ರು?” ಎಂದು ಕೂಗಿದೆ.

“ಅದಕ್ಕೆ ನಾಲ್ಕು ಜನ ಬತ್ತಾರೆ ಬುಡು,” ಅಂದರು.

ಅಳುತ್ತಿದ್ದವಳಿಗೆ ನಗು ಬಂತು. ಅದಕ್ಕೂ ಅವರನ್ನೇ ಬೈದೆ.

ಮಾರನೇ ದಿನ ಬಸ್ಸಿನಲ್ಲಿ ತುಮಕೂರಿಗೆ ಹೋದೆವು. ಏಟಿನಿಂದ ಪೊರೆ ಬಂದಿದೆ, ಒಳಗೂ ಪೆಟ್ಟಾಗಿದೆ, ಆಪರೇಷನ್ ಮಾಡೋಣ, ಆದರೆ ಮೊದಲಿನಷ್ಟು ಕಾಣುವುದೆಂದು ಹೇಳಲಾರೆ ಎಂದರು ಡಾಕ್ಟರು. ಇಷ್ಟು ದಿನ ಬೈಕ್ ಹೇಗೆ ಓಡಿಸಿದಿರಿ ಎಂದು ಕೇಳಿದ್ದಕ್ಕೆ ಇವರು “ಎಡಕ್ಕೆ ಏನೂ ತೊಂದ್ರೆ ಇರ್ಲಿಲ್ಲ ಸಾರ್” ಎಂದು ಉತ್ತರ ಕೊಟ್ಟರು. ಡಾಕ್ಟರು ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ. ಆಪರೇಷನ್ ಆಯಿತು. ಬೆಳಕು ಬಂತು, ಮುಂದೆ ಕೈ ಆಡಿಸಿದರೆ ಗೊತ್ತಾಗುವಷ್ಟು ಬಂತು. ಆ ಕಣ್ಣಿಗೆ ರಸ್ತೆ ಬರಲಿಲ್ಲ. ಗಾಡಿ ಓಡಿಸಬೇಡಿ ಎಂದರು ಡಾಕ್ಟರು.

ಬೈಕು ಸೂರಿನ ಕೆಳಗೆ ನಿಂತಿತು. ಅದನ್ನು ಬೆಳಿಗ್ಗೆ ಒರೆಸಿ, ಒದ್ದು ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಶಬ್ದ ಕೇಳಿ ಆರಿಸುತ್ತಿದ್ದರು. ನಾನು ತಿಪಟೂರಿಗೆ ಹೊರಟರೆ ಬಟ್ಟೆಯ ಚೀಲ ಹೊತ್ತು ಬಸ್ ನಿಲ್ಲುವಲ್ಲಿಗೆ ಬರುತ್ತಿದ್ದರು. ನನ್ನ ಜೊತೆ ತಾವೂ ನಿಂತು ಬಸ್ಸಿಗೆ ಕಾಯುತ್ತಿದ್ದರು. ಬಸ್ಸು ತಡವಾದಷ್ಟೂ ಅವರ ಮುಖ ಬಾಡುತ್ತಿತ್ತು, ತಾವೇ ತಡ ಮಾಡಿದ ಹಾಗೆ. “ಡ್ರೈವರ್ರೇ” ಎಂದು ರೇಗಿಸುವವರು ಕೂಡ ಆ ಮಾತು ಬಿಟ್ಟರು. ಬಿಡದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿತ್ತು ನನಗೆ. ಕಣ್ಣು ಹೋದದ್ದಕ್ಕಿಂತ ಹೆಚ್ಚು ಇದು ಅವರನ್ನು ತಿನ್ನುತ್ತಿತ್ತು.

ಒಂದು ದಿನ ಹೇಳಿದೆ: “ನಂಗೆ ಗಾಡಿ ಕಲಿಸಿ.”

“ಈ ವಯಸ್ಸಲ್ಲಿ?”

“ಕಣ್ಣಿಲ್ದೆ ನೀವು ಓಡ್ಸಿದ್ರಿ, ಕಣ್ಣಿಟ್ಕೊಂಡು ನಾನು ಓಡಿಸ್ಬಾರ್ದಾ?”

ಮುಂದಿನ ವಾರ ಅವರೇ ತಿಪಟೂರಿಗೆ ಹೇಳಿ ಕಳಿಸಿದರು. ಮೆಕ್ಯಾನಿಕ್ ಬೈಕನ್ನು ತೆಗೆದುಕೊಂಡು ಒಂದು ಹಳೆಯ ಸ್ಕೂಟರ್ ಕೊಟ್ಟ. ಬೈಕು ಹೋದ ದಿನ ಇವರು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ತಾವೇ ಸ್ಕೂಟರನ್ನು ನಮ್ಮ ಕಣಕ್ಕೆ ತಳ್ಳಿಕೊಂಡು ಹೋದರು.

ಕಣದ ನಡುವೆ ಒಂದು ಮುದಿ ತೆಂಗಿನ ಮರವಿದೆ. ಅದರ ಸುತ್ತ ನನ್ನ ಪಾಠ. ಬಲಕ್ಕೆ ಸುತ್ತು ಎಂದರೆ ಸುತ್ತಿದೆ, ನನಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ. ಎಡಕ್ಕೆ ಸುತ್ತು ಎಂದರೆ ಕೈ ಗಟ್ಟಿಯಾಗಿ ಕಾಲು ನೆಲಕ್ಕೆ ಹೋಗುತ್ತಿತ್ತು. ದಿನಗಳಾದರೂ ಹಾಗೇ.

“ಲೋಕಕ್ಕೆಲ್ಲ ಎಡ ಸಲೀಸು, ಬಲ ಕಷ್ಟ. ನಿಂದೇನೇ ಉಲ್ಟಾ?” ಎಂದು ತಲೆ ಕೆರೆದುಕೊಂಡರು.

“ಎಡಕ್ಕೆ ವಾಲಿದ್ರೆ ನೆಲ ಎದ್ದು ಬತ್ತೈತೆ ಕಣ್ರೀ. ನಿಮ್ಮ ಹಿಂದೆ ಕೂತಾಗಿಂದ್ಲೂ ಅಂಗೇ,” ಎಂದೆ.

“ಅಂಗಾದ್ರೆ ಇಷ್ಟು ವರ್ಷ ಹೆದರ್ಕೊಂಡೇ ಕೂತಿದ್ಯಾ?”

“ಎಡಕ್ಕೆ ಹೋಗುವಾಗ ಮಾತ್ರ.”

ಅವರು ಪಂಚೆ ಎತ್ತಿ ಕಟ್ಟಿದರು. ಸ್ಕೂಟರಿನ ಎಡಗಡೆಗೆ ಬಂದು ನನ್ನ ಪಕ್ಕದಲ್ಲಿ ನಿಂತರು.

“ಈಗ ತಿರುಗ್ಸು. ನೆಲ ಎದ್ದು ಬಂದ್ರೆ ಮೊದ್ಲು ನನ್ ಮೇಲೆ ಬರ್ಲಿ.”

ನಾನು ತಿರುಗಿಸಿದೆ. ಅವರು ನನಗೂ ನೆಲಕ್ಕೂ ನಡುವೆ ಓಡುತ್ತ ಬಂದರು. ಏದುಸಿರು ಬಿಡುತ್ತ, “ವಾಲು, ವಾಲು, ನಾನಿದ್ದೀನಿ” ಎನ್ನುತ್ತ, ಮರದ ಸುತ್ತ ಸುತ್ತಿ ಸುತ್ತಿ ಓಡಿದರು. ಬೇಲಿಯಾಚೆ ಕುರಿ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ನಿಂತು, ಗಂಡ ಹೆಂಡಿರಿಗೆ ಏನಾಯಿತೋ ಎಂದು ನೋಡುತ್ತಿದ್ದ. ಯಾವಾಗಲೋ ಅವರು ಓಡುವುದನ್ನು ನಿಲ್ಲಿಸಿದ್ದರು, ನನಗೆ ಗೊತ್ತಾಗಲಿಲ್ಲ. ಒಬ್ಬಳೇ ಎಡಕ್ಕೆ ಸುತ್ತುತ್ತಿದ್ದೆ.

ಲೈಸೆನ್ಸ್ ಬಂದ ಮೇಲೆ ಒಂದು ದಿನ ಬಟ್ಟೆಯ ಚೀಲ ಅವರ ತೊಡೆಯ ಮೇಲಿಟ್ಟು, ಪಂಚೆ ಉಟ್ಟ ಅವರನ್ನು ಹಿಂದೆ ಎಡಕ್ಕೆ ಅಡ್ಡ ಕೂರಿಸಿಕೊಂಡು ತಿಪಟೂರಿಗೆ ಹೊರಟೆ. ನಾನು ಚೂಡಿದಾರ ಹಾಕಿದ್ದೆ, ಇಬ್ಬರ ತಲೆಗೂ ಹೆಲ್ಮೆಟ್. ಅರಳಿಕಟ್ಟೆಯಿಂದ ಅವರ ಗೆಳೆಯನ ದನಿ ಬಂತು: “ಏನ್ಲಾ, ಡ್ರೈವರ್ರು ಹಿಂದಿನ ಸೀಟಿಗೆ ಬಂದ್ಬುಟ್ರು!”

“ನಿಂಗೆ ಹಿಂದಿನ ಸೀಟಾದ್ರೂ ಐತೇನ್ಲಾ?” ಅಂದರು ಇವರು. ಎಷ್ಟೋ ತಿಂಗಳ ಮೇಲೆ ಆ ದನಿಯಲ್ಲಿ ಹಳೆಯ ಗತ್ತು ಕೇಳಿತು.

ಏರಿ ಹತ್ತಿದೆ. ತಿರುವು ಹತ್ತಿರ ಬಂತು. ಎದುರಿಗೆ ಯಾರೂ ಇಲ್ಲವೆಂದು ನೋಡಿಕೊಂಡು ಬಲಕ್ಕೆ ವಾಲಿದೆ. ಈಗ ನನ್ನ ಕಣ್ಣೆಲ್ಲ ರಸ್ತೆಯಲ್ಲೇ. ಗರಿಗಳು ಎಡಕ್ಕಿವೆ, ಮೇಲಕ್ಕಿವೆ ಎಂದು ಗೊತ್ತಿತ್ತು, ನೋಡುವ ಹಾಗಿರಲಿಲ್ಲ. ಹಿಂದೆ ಅವರ ಮೈ ಸ್ವಲ್ಪ ಒರಗಿದ್ದು ತಿಳಿಯಿತು.

“ಲೇ,” ಅಂದರು.

“ಏನ್ರೀ?”

“ಗರಿ ಕಣೇ. ಅಬ್ಬಾ, ಎಲ್ಲಾ ತಿರುಗ್ತಾವಲ್ಲೇ ತಲೆ ಮೇಲೆ! ಇಷ್ಟು ವರ್ಷ ಹೇಳ್ಲೇ ಇಲ್ವಲ್ಲ ನೀನು?”

“ಹೇಳಿದ್ದೆ. ನೀವು ರಸ್ತೆ ನೋಡ್ತಿದ್ರಿ.”

ನಾನು ಕತ್ತು ಎತ್ತಲು ಹೋದೆನೋ ಏನೋ, ತಟ್ಟನೆ ಭುಜದ ಮೇಲೆ ಅವರ ಕೈ ಬಿತ್ತು.

“ನೀನು ನೋಡ್ಬೇಡ. ರಸ್ತೆ ನೋಡು. ಗರಿ ನಾನ್ ಹೇಳ್ತೀನಿ.”

ಹೇಳಿದರು. ಒಂದು ಮರದಲ್ಲಿ ಹೊಸ ಸುಳಿ ಬಂದಿದೆ, ಅದರ ಪಕ್ಕದ್ದಕ್ಕೆ ರೋಗ ತಗುಲಿದೆ, ಇನ್ನೊಂದರಲ್ಲಿ ಗಿಳಿಗಳು ಕೂತಿವೆ, ಗರಿ ಸಂದಿಯಲ್ಲಿ ಬಿಸಿಲು ಬರುತ್ತಿದೆ. ಉಳಿದ ಒಂದೇ ಕಣ್ಣಿನಲ್ಲಿ ಸಿಕ್ಕಿದ್ದನ್ನೆಲ್ಲ ತಂದು ನನ್ನ ಕಿವಿಗೆ ಹಾಕುತ್ತಲೇ ಬಂದರು. ಕಣ್ಣು ತುಂಬಿಕೊಂಡರೆ ರಸ್ತೆ ಕಾಣುವುದಿಲ್ಲವಲ್ಲ, ಅಳುವುದನ್ನು ತಿಪಟೂರಿನವರೆಗೆ ತಡೆದುಕೊಂಡೆ.