ಹಿಂದೆ ಯಾರೂ ಇಲ್ಲ

ದೆವ್ವ, ಶಕುನ, ಅಶರೀರವಾಣಿ ಇಂಥವುಗಳ ಬಗ್ಗೆ ಗಂಭೀರವಾಗಿ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಯಾರದಾದರೂ ಮನೆಯಲ್ಲಿ ಊಟಕ್ಕೆ ಸೇರಿದಾಗ, ಮೊಸರನ್ನದ ಹೊತ್ತಿಗೆ ಒಬ್ಬರು 'ನಮ್ಮ ಸೋದರತ್ತೆಗೆ ಒಂದು ಸಲ ಏನಾಯಿತೆಂದರೆ' ಎಂದು ದನಿ ತಗ್ಗಿಸಿದರೆ ಸಾಕು, ನಾನು ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ನನ್ನ ಕೆಲಸವೂ ಹಾಗೇ ಇದೆ. ಕ್ಯಾಲಿಫೋರ್ನಿಯಾದ ಎಮರಿವಿಲ್‌ನ ಒಂದು ಸ್ಟುಡಿಯೋದಲ್ಲಿ, ಮಕ್ಕಳ ಸಿನಿಮಾಗಳಲ್ಲಿ ಬರುವ ಬೆಟ್ಟಗಳಿಗೆ ಮಂಜು ಕವಿಸುವ ಪ್ರೋಗ್ರಾಮು ಬರೆಯುವವನು ನಾನು. ಮಂಜನ್ನು ತಾನೇ ತಯಾರಿಸುವವನಿಗೆ ಮಂಜು ಕಂಡು ಹೆದರುವವರ ಮೇಲೆ ಗೌರವ ಹುಟ್ಟುವುದು ಕಷ್ಟ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಎರಡನೇ ಪುಟ ತಿರುಗಿಸುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಬೇ ಏರಿಯಾದ ನಮ್ಮ ಕನ್ನಡದವರಿಗೆ ಆಗ ಗ್ರಾವೆಲ್ ಸೈಕಲ್ಲಿನ ಹುಚ್ಚು ಹಿಡಿದಿತ್ತು. ಗ್ರಾವೆಲ್ ಎಂದರೆ ಮತ್ತೇನಲ್ಲ, ಟಾರು ಕಾಣದ ಜಲ್ಲಿ ರಸ್ತೆ. ಊರಿನಲ್ಲಿದ್ದಾಗ ಅಂಥ ರಸ್ತೆಗಾಗಿ ಎಮ್ಮೆಲ್ಲೆಯನ್ನು ಬಾಯಿಗೆ ಬಂದಂತೆ ಬೈದ ಜನ, ಇಲ್ಲಿ ಅದನ್ನೇ ಹುಡುಕಿಕೊಂಡು ಫ್ರೀವೇಯಲ್ಲಿ ನಾಲ್ಕು ಗಂಟೆ ಕಾರು ಓಡಿಸಿ ಸಿಯೆರಾ ಬೆಟ್ಟಗಳಿಗೆ ಹೋಗುತ್ತಿದ್ದರು. ಸೈಕಲ್ಲಿಗೆ ಸುರಿದ ದುಡ್ಡಿನಲ್ಲಿ ಒಂದು ಹಳೆಯ ಕಾರು ಬರುತ್ತಿತ್ತು. ಮೇಲೆ ಹೋಗಿ ಸಾಯುವಷ್ಟು ಏದುಸಿರು ಬಿಟ್ಟು, ಕೆಳಗಿಳಿದು, ಫೋಟೋ ಹಾಕಿ, ಮುಂದಿನ ರೂಟಿನ ಚರ್ಚೆ ಶುರು. ನಾನೂ ಅವರನ್ನು ಹಂಗಿಸುತ್ತಲೇ ಹೋಗುತ್ತಿದ್ದೆ. ಸೈಕಲ್ಲು ತುಳಿಯುವುದರಲ್ಲಿ ಅವರೆಲ್ಲರಿಗಿಂತ ನಾನು ಮುಂದಿದ್ದೆ ಎಂಬುದೇ ಅದಕ್ಕೆ ಕಾರಣ ಎಂದು ಈಗ ಒಪ್ಪಿಕೊಳ್ಳಬಹುದು.

ನನ್ನ ತಾತ್ಸಾರದ ದೊಡ್ಡ ಪಾಲು ಸದಾನಂದ ಡಾಕ್ಟರಿಗೆ ಮೀಸಲಾಗಿತ್ತು. ಉಡುಪಿ ಕಡೆಯವರು, ಮಕ್ಕಳ ಡಾಕ್ಟರು, ಲಿವರ್‌ಮೋರ್‌ನಲ್ಲಿ ಮನೆ. ಅರವತ್ತು ದಾಟಿದ ಮೇಲೆ ಸೈಕಲ್ಲು ಕೊಂಡವರು. ಕೊಂಡ ಮಾರನೇ ದಿನ ಅದನ್ನು ಅಲ್ಲಿನ ದೇವಸ್ಥಾನಕ್ಕೆ ಒಯ್ದು ಪೂಜೆ ಮಾಡಿಸಿ, ಟೈರಿನ ಕೆಳಗೆ ನಿಂಬೆಹಣ್ಣಿಟ್ಟು ಜಜ್ಜಿಸಿಕೊಂಡು ಬಂದಿದ್ದರು. ಹ್ಯಾಂಡಲಿಗೆ ಗಂಟೆ, ಕೊರಳಿಗೆ ದಾರದಲ್ಲಿ ಕಟ್ಟಿದ ಸೀಟಿ, ಬೆನ್ನ ಚೀಲದಲ್ಲಿ ಅವಲಕ್ಕಿ. ಅರ್ಧ ಗಂಟೆಗೊಮ್ಮೆ ನಿಲ್ಲಬೇಕು. ನಿಂತರೆ ಎಲ್ಲರಿಗೂ ಅವಲಕ್ಕಿ ಹಂಚಬೇಕು. ಸೀಟಿ ನೋಡಿ ನಾನು 'ಡ್ರಿಲ್ ಮಾಸ್ತರರು ಬಂದರು' ಎನ್ನುತ್ತಿದ್ದೆ. ಅವರು ನಗುತ್ತಿದ್ದರು.

ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ಮುಂದೆ ಹೋಗುವವನು ರಘು, ಮೈಸೂರಿನವನು, ರೂಟು ಅವನ ಫೋನಿನಲ್ಲಿರುತ್ತಿತ್ತು. ಕೊನೆಯಲ್ಲಿ ಒಬ್ಬ ಕಾವಲಿನವನು, ಸರದಿಯ ಮೇಲೆ. ಅವನು ಯಾರನ್ನೂ ದಾಟಿ ಮುಂದೆ ಹೋಗುವ ಹಾಗಿಲ್ಲ. ದಾರಿ ಕವಲೊಡೆದಲ್ಲಿ ರಘು ನಿಂತು, "ಹಿಂದೆ ಯಾರಿದೀರಾ?" ಎಂದು ಕೂಗುತ್ತಿದ್ದ. ಕೊನೆಯವನ ಉತ್ತರ ಕೇಳಿಸಿದರೆ ಎಲ್ಲರೂ ಬಂದರು ಎಂದರ್ಥ, ಅವನು ಮುಂದೆ ಹೋಗುತ್ತಿದ್ದ. ಮೊದಮೊದಲು ನಾವು "ಹಿಂದೆ ಯಾರೂ ಇಲ್ಲ" ಎಂದೇ ಉತ್ತರಿಸುತ್ತಿದ್ದೆವು. ಡಾಕ್ಟರು ಅದನ್ನು ಬಿಡಿಸಿದರು.

"ಬೆಟ್ಟದಲ್ಲಿ ನಿಂತು ಯಾರೂ ಇಲ್ಲ ಅಂತ ಹೇಳ್ಬಾರ್ದು ಮಾರಾಯ. ನಾನಿದ್ದೇನೆ ಅಂತ ಹೇಳು. ಮನೆಯಿಂದ ಹೊರಡುವಾಗ ಹೋಗ್ತೇನೆ ಅಂತ ಹೇಳ್ತೇವಾ? ಬರ್ತೇನೆ ಅಂತ ಅಲ್ವಾ ಹೇಳುದು?"

ಉಳಿದವರು ತಲೆಯಾಡಿಸಿದರು. ಅಂದಿನಿಂದ ಕೊನೆಯವನು "ನಾನಿದ್ದೇನೆ" ಎನ್ನಬೇಕೆಂದಾಯಿತು. ಓದಿದ ಜನ, ಇಂಜಿನಿಯರುಗಳು, ಒಂದು ಮಾತಿನ ಅಪಶಕುನಕ್ಕೆ ಹೆದರಿ ಮಾತು ಬದಲಾಯಿಸಿಕೊಂಡದ್ದು ನನಗೆ ಅಸಹ್ಯವಾಗಿತ್ತು.

ಆ ಶನಿವಾರ ನಾವು ಐದು ಜನ ಹೋಗಿದ್ದೆವು: ರಘು, ಒಬ್ಬ ಗಂಡ-ಹೆಂಡತಿ, ಡಾಕ್ಟರು, ನಾನು. ಕಾವಲಿನ ಸರದಿ ನನ್ನದು. ಮರಗಳೇ ಬೆಳೆಯದಷ್ಟು ಎತ್ತರಕ್ಕೆ ಹತ್ತಿ, ಬೆಟ್ಟದ ಇನ್ನೊಂದು ಮೈಯಲ್ಲಿ ತಿರುವಿನ ಮೇಲೆ ತಿರುವು ಇಳಿದು ಕಾರು ನಿಲ್ಲಿಸಿದಲ್ಲಿಗೆ ಬರುವ ದಾರಿ. ತುದಿ ಮುಟ್ಟುವಾಗಲೇ ಮಧ್ಯಾಹ್ನ ಮೂರಾಗಿತ್ತು. ಮೂರಾಗಲು ಕಾರಣ ಡಾಕ್ಟರು. ಇಳಿಯತೊಡಗಿದ ಸ್ವಲ್ಪ ಹೊತ್ತಿಗೆ ಮೋಡ ಕೆಳಗಿಳಿದು ರಸ್ತೆಯನ್ನು ಮುಚ್ಚಿಕೊಂಡಿತು. ಉಳಿದವರು ಮುಂದೆ ಹೋಗಿಬಿಟ್ಟಿದ್ದರು. ಒಂದು ತಿರುವಿನಲ್ಲಿ ಡಾಕ್ಟರ ಸೈಕಲ್ಲು ಬಂಡೆಗೆ ಒರಗಿತ್ತು. ಅವರು ಮೂತ್ರಕ್ಕೆಂದು ಬಂಡೆಯ ಆಚೆ ಹೋಗಿದ್ದರು. ಅವರ ಕೆಮ್ಮು ಕೇಳಿಸಿತು.

ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬೆಳಗಿನಿಂದ ಈ ಮುದುಕರ ಹಿಂದೆ ಆಮೆಯ ಹಾಗೆ ಬಂದದ್ದು ಸಾಕಾಗಿತ್ತು. ಅವರು ಬಂಡೆಯ ಆಚೆ ಇರುವಾಗಲೇ, ಚಕ್ರದ ಸದ್ದು ಹೆಚ್ಚಾಗದಂತೆ ಮೆಲ್ಲಗೆ ದಾಟಿಕೊಂಡು ಹೋದೆ. ಕವಲಿನವರೆಗೆ ಇರುವುದು ಒಂದೇ ರಸ್ತೆ, ಇಳಿಜಾರು, ಬರುತ್ತಾರೆ ಬಿಡು ಎಂದುಕೊಂಡೆ. ಅವರ ಬಳಿ ರೂಟು ಇರಲಿಲ್ಲ. ಹಿಂದೆ ನಾನಿದ್ದೇನೆಂದು ಅವರು ನಂಬಿದ್ದರು.

ಒಂದು ಮೈಲಿ ಇಳಿದಿರಬಹುದು. ಕೆಳಗಿನ ಕವಲಿನಿಂದ ರಘುವಿನ ಕೂಗು ಮೋಡದೊಳಗಿನಿಂದ ಬಂತು. "ಹಿಂದೆ ಯಾರಿದೀರಾ?"

ನಿಜ ಹೇಳಿದ್ದರೆ ಕಾಯಬೇಕಾಗುತ್ತಿತ್ತು. ನಾನು ಬೇಕೆಂದೇ, ಡಾಕ್ಟರು ಬೇಡವೆಂದ ಮಾತನ್ನೇ ಕೂಗಿದೆ. "ಹಿಂದೆ ಯಾರೂ ಇಲ್ಲ, ನಡಿ."

ಆಗ ನನ್ನ ಬಲಭುಜದ ಹಿಂದೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ, "ನಾನಿದ್ದೇನೆ" ಎಂದು ಕೇಳಿಸಿತು.

ಅದು ಕೂಗು ಅಲ್ಲ, ಪಿಸುಮಾತೂ ಅಲ್ಲ. ಊಟಕ್ಕೆ ಕರೆದರೆ 'ಬಂದೆ' ಎನ್ನುತ್ತಾರಲ್ಲ, ಅಂಥ ಮಾಮೂಲಿ ದನಿ. ಡಾಕ್ಟರು ಹೇಗೋ ಬಂದು ಸೇರಿಕೊಂಡರು, ನನ್ನ ಸುಳ್ಳು ಕೇಳಿಸಿಕೊಂಡರು ಎಂದು ಮುಖ ಬಿಸಿಯಾಯಿತು. ಬ್ರೇಕು ಹಾಕಿ ತಿರುಗಿದೆ. ಯಾರೂ ಇರಲಿಲ್ಲ. ಜಲ್ಲಿಯ ಮೇಲೆ ಎಷ್ಟು ಮೆಲ್ಲಗೆ ಬಂದರೂ ಚಕ್ರದ ಸದ್ದು ಆಗಲೇಬೇಕು, ಅದೂ ಇರಲಿಲ್ಲ. "ಡಾಕ್ಟ್ರೆ" ಎಂದು ಎರಡು ಸಲ ಕರೆದೆ. ನನ್ನ ದನಿ ಮೋಡದಲ್ಲಿ ಇಂಗಿಹೋಯಿತು.

ನಾನು ಸೈಕಲ್ಲು ತಿರುಗಿಸಿ ಮೇಲೆ ಹತ್ತಿದೆ. ಅದು ಕರುಣೆಯಿಂದ ಎಂದು ಯಾರೂ ತಿಳಿಯಬಾರದು. ನನ್ನ ಸುಳ್ಳು ಕೇಳಿಸಿಕೊಂಡವರು ಯಾರೆಂದು ತಿಳಿಯಬೇಕಿತ್ತು, ಅಷ್ಟೇ.

ನಾನು ಅವರನ್ನು ದಾಟಿದ ಜಾಗಕ್ಕಿಂತ ಒಂದು ತಿರುವು ಕೆಳಗೆ, ರಸ್ತೆಯ ಅಂಚಿನಲ್ಲಿ ಡಾಕ್ಟರ ಸೈಕಲ್ಲು ಬಿದ್ದಿತ್ತು. ಎರಡಾಳು ಆಳದಲ್ಲಿ, ಕಲ್ಲುಗಳ ನಡುವೆ ಒಂದು ಪೊದೆಗೆ ಸಿಕ್ಕಿಕೊಂಡು ಅವರು ಬಿದ್ದಿದ್ದರು. ಮುಖವೆಲ್ಲ ರಕ್ತ. ದವಡೆ ಮುರಿದು ಒಂದು ಪಕ್ಕಕ್ಕೆ ಜಾರಿತ್ತು. ನಾನು ಇಳಿದುಹೋದಾಗ ಅವರು ಏನೋ ಹೇಳಲು ನೋಡಿದರು, ಉಸಿರು ಬಿಟ್ಟರೆ ಬೇರೇನೂ ಹೊರಡಲಿಲ್ಲ. ಆ ಬಾಯಿಂದ ಒಂದು ಮೈಲಿ ಕೆಳಗಿದ್ದ ನನಗೆ ಯಾವ ಮಾತೂ ಬಂದಿರಲಾರದು. ನನ್ನ ಜಾಕೆಟ್ಟು ಹೊದಿಸಿದೆ. ಫೋನಿಗೆ ಸಿಗ್ನಲ್ ಇರಲಿಲ್ಲ. ಅವರ ಕೊರಳಲ್ಲಿದ್ದ ಸೀಟಿಯನ್ನು, ರಕ್ತ ಒರೆಸಿ, ನಾನೇ ಬಾಯಿಗಿಟ್ಟು ಊದಿದೆ. ಎಷ್ಟು ಹೊತ್ತು ಊದಿದೆನೋ ಗೊತ್ತಿಲ್ಲ, ರಘು ಕೆಳಗಿನಿಂದ ಹತ್ತಿ ಬಂದ. ಅವನು ಸೀಟಿ ಕೇಳಿದಾಗಲೇ ಆ ಗಂಡ-ಹೆಂಡತಿಯನ್ನು ಕಾರಿನಲ್ಲಿ ಸಿಗ್ನಲ್ ಸಿಗುವ ಕಡೆಗೆ ಕಳಿಸಿದ್ದ. ಕತ್ತಲಾಗುವ ಮುಂಚೆ ಹೆಲಿಕಾಪ್ಟರ್ ಬಂತು. ಆ ಚಳಿಯಲ್ಲಿ ಇನ್ನೊಂದೆರಡು ಗಂಟೆ ಬಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು.

ಆಸ್ಪತ್ರೆಯಲ್ಲಿ ಕೂತಿದ್ದಾಗ ರಘು ತನ್ನಷ್ಟಕ್ಕೆ ಎಂಬಂತೆ ಹೇಳಿದ. "ನಿನ್ ಉತ್ತರ ಕೇಳಿಸ್ತಲ್ಲ, ಅದಕ್ಕೇ ನಾನು ಮುಂದೆ ಹೊರಟುಬಿಟ್ಟೆ ಕಣೋ."

"ಏನಂತ ಕೇಳಿಸ್ತು?" ಎಂದೆ.

"ಇನ್ನೇನು, ನಾನಿದ್ದೇನೆ ಅಂತ."

ಬೇರೆ ಏನಾದರೂ ಕೇಳಿಸಿತೇ ಎಂದು ಕೇಳಿದೆ. ಇಲ್ಲವೆಂದ. ನಾನು ಗಂಟಲು ಹರಿಯುವಂತೆ ಕೂಗಿದ ಮಾತು ಅವನಿಗೆ ಕೇಳಿಸಿರಲಿಲ್ಲ. ನನ್ನ ಬೆನ್ನ ಹಿಂದೆ ಮಾಮೂಲಿ ದನಿಯಲ್ಲಿ ಆಡಿದ ಮಾತು ಕೇಳಿಸಿತ್ತು.

ಎರಡು ವಾರದ ನಂತರ ಡಾಕ್ಟರನ್ನು ನೋಡಲು ಲಿವರ್‌ಮೋರ್‌ಗೆ ಹೋದೆ. ದವಡೆಗೆ ತಂತಿ ಬಿಗಿದಿದ್ದರು, ಮಾತಾಡುವಂತಿರಲಿಲ್ಲ. ಅವರ ಹೆಂಡತಿ ಕಾಫಿ ಕೊಟ್ಟು, "ನೀವು ಹಿಂದೆ ಇದ್ದದ್ದಕ್ಕೆ ಇವರು ಉಳಿದ್ರು" ಎಂದು ಕಣ್ಣೊರೆಸಿಕೊಂಡರು. ಡಾಕ್ಟರು ಒಂದು ಹಾಳೆಯ ಮೇಲೆ ಬರೆದು ನನ್ನ ಕಡೆ ತಳ್ಳಿದರು. 'ಬಂಡೆ ಹತ್ತಿರ ಸೈಕಲ್ಲು ಹತ್ತಿದ ಮೇಲೆ ಬೀಳುವವರೆಗೂ ನಿನ್ನ ಚಕ್ರದ ಶಬ್ದ ಹಿಂದೆ ಕೇಳ್ತಾ ಇತ್ತು. ಹಾಗಾಗಿ ಬಿದ್ದಾಗಲೂ ಹೆದರಿಕೆ ಆಗಲಿಲ್ಲ.' ನಾನು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಸುಮ್ಮನೆ ತಲೆಯಾಡಿಸಿ ಎದ್ದು ಬಂದೆ. ನನ್ನಷ್ಟು ಹೇಡಿ ಆ ಬೆಟ್ಟದಲ್ಲಿ ಬೇರೆ ಯಾರೂ ಇರಲಿಲ್ಲ.

ಬರ್ಕ್ಲಿಯಲ್ಲಿ ಮನಃಶಾಸ್ತ್ರ ಕಲಿಸುವ ಗೆಳೆಯನೊಬ್ಬನಿಗೆ, ನನ್ನ ಸುಳ್ಳನ್ನು ಬಿಟ್ಟು ಉಳಿದದ್ದನ್ನು ಹೇಳಿದ್ದೆ. ಎತ್ತರದಲ್ಲಿ ಉಸಿರು ಸಾಲದಾದಾಗ ಮೆದುಳು ಪರಿಚಿತ ಮಾತನ್ನು ತಾನೇ ಸೇರಿಸಿಕೊಳ್ಳುತ್ತದೆ ಎಂದ. ನನ್ನ ಕಿವಿಯ ಮಟ್ಟಿಗೆ ಇದು ಸರಿಹೋಗುತ್ತದೆ. ಆದರೆ ರಘು ಅಷ್ಟು ಎತ್ತರದಲ್ಲಿರಲಿಲ್ಲ. ಡಾಕ್ಟರು ಕೇಳಿದ್ದು ಮಾತೇ ಅಲ್ಲ. ಮೂವರ ಕಿವಿಯೂ ಒಂದೇ ಮಧ್ಯಾಹ್ನ ಕೆಟ್ಟಿತು ಎಂದು ನಂಬುವವರು ನಂಬಲಿ. ನನಗೆ ಅವರ ಮೇಲೂ ತಾತ್ಸಾರವೇ. ಆ ದನಿ ಡಾಕ್ಟರದೇ ಎಂದು ಆಗ ಅನ್ನಿಸಿತ್ತು. ಈಗ ಅದನ್ನೂ ಖಚಿತವಾಗಿ ಹೇಳಲಾರೆ.

ಅವರನ್ನು ಬಿಟ್ಟುಹೋದದ್ದನ್ನು ಇದೇ ಮೊದಲ ಸಲ ಹೇಳುತ್ತಿದ್ದೇನೆ. ಡಾಕ್ಟರು ಕನ್ನಡದಲ್ಲಿ ಅಚ್ಚಾದ ಯಾವುದನ್ನೂ ಬಿಡದೆ ಓದುವವರು, ಇದನ್ನೂ ಓದುತ್ತಾರೆ. ಅವರು ಈಗ ಮತ್ತೆ ಸೈಕಲ್ಲು ತುಳಿಯುತ್ತಾರೆ, ಮೊದಲಿಗಿಂತ ನಿಧಾನ. ನಾನು ಸರದಿ ಬಿಡಿಸಿ ಕೊನೆಯ ಜಾಗವನ್ನು ನನಗೇ ಇಟ್ಟುಕೊಂಡಿದ್ದೇನೆ. ಕವಲಿನಲ್ಲಿ ನಿಂತು ರಘು ಕೂಗಿದಾಗ ನಾನು ತಕ್ಷಣ ಉತ್ತರಿಸುವುದಿಲ್ಲ. ತಡವಾಯಿತೆಂದು ಅವನು ಬೈಯುತ್ತಾನೆ. ನನ್ನ ಹಿಂದೆ ಇನ್ನೂ ಯಾರಾದರೂ ಇದ್ದರೆ ಮೊದಲು ಅವರು ಹೇಳಲಿ ಎಂದು ಸ್ವಲ್ಪ ಹೊತ್ತು ಕಾಯುತ್ತೇನೆ.