ಫ್ಯಾನಿನ ಕೊಂಡಿ

ನಮ್ಮ ಮನೆಯ ಮೇಲೆ ಬಾಡಿಗೆಗೆಂದು ಒಂದು ಮಹಡಿ ಏರಿಸುತ್ತಿದ್ದೇನೆ. ಸ್ಲ್ಯಾಬ್ ಹಾಕುವ ಹಿಂದಿನ ದಿನ ಮೇಸ್ತ್ರಿ ಫ್ಯಾನುಗಳಿಗೆಂದು ಬಗ್ಗಿಸಿದ ಕಬ್ಬಿಣದ ಕೊಂಡಿಗಳನ್ನು ನನ್ನ ಮುಂದೆ ಸುರಿದ. ಒಂದನ್ನು ಎತ್ತಿಕೊಂಡೆ. ಅಂಗೈಗೆ ಹತ್ತಿದ ತುಕ್ಕಿನ ವಾಸನೆಗೆ ಎದುರುಮನೆ ಅಕ್ಕ ನೆನಪಾದಳು...

ಹಾನಗಲ್ಲಿನ ಸರಕಾರಿ ವಸತಿ ಸಾಲಿನಲ್ಲಿ ನಮ್ಮದೂ ಅವಳದೂ ಎದುರುಬದುರು ಮನೆ. ಗೋಡೆ ಮುಟ್ಟಿದರೆ ಸುಣ್ಣ ಉದುರುತ್ತಿತ್ತು. ಆದರೆ ಪ್ರತಿ ಮನೆಯ ನಡುತೊಲೆಗೂ ತೊಟ್ಟಿಲು ಕಟ್ಟುವ ಕೊಂಡಿಯಿತ್ತು. ತೊಟ್ಟಿಲು ಮಾತ್ರ ಇಡೀ ಸಾಲಿಗೆ ಒಂದೇ, ಅಕ್ಕನ ತವರಿನದು. ಯಾರ ಮನೆಯಲ್ಲಿ ಬಾಣಂತನವೋ ಅಲ್ಲಿಗೆ ಅದು ಹೋಗುತ್ತಿತ್ತು. ನಾನೂ ಅದರಲ್ಲೇ ಮಲಗಿದವನಂತೆ.

ನೀರು ಬಿಡುವ ಕೆಲಸದಲ್ಲಿದ್ದ ಅವಳ ಗಂಡ ನಿವೃತ್ತನಾದ ಮೇಲೆ ಸಾಲಿನ ಮನೆ ಬಿಡಬೇಕಾಯಿತು. ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆ ಮನೆ ಹಿಡಿದರು. ಮಾಲೀಕರು ಕೆಳಗೆ, ಇವರು ಮೇಲೆ. ಅದೇ ಬೇಸಿಗೆಯಲ್ಲಿ ಚಿಕ್ಕೇರೂರಿಗೆ ಕೊಟ್ಟಿದ್ದ ಮಗಳು ಚೊಚ್ಚಲ ಹೆರಿಗೆಗೆ ಬಂದಳು. ಸಾಲಿನ ಕೂಸುಗಳನ್ನೆಲ್ಲ ತೂಗಿದ ತೊಟ್ಟಿಲಲ್ಲಿ ತನ್ನ ಮೊಮ್ಮಗುವನ್ನೂ ತೂಗಬೇಕೆಂಬುದೊಂದೇ ಅಕ್ಕನ ಆಸೆ. ತಲೆಯೆತ್ತಿದರೆ ಬೋಳು ಸ್ಲ್ಯಾಬು, ನಡುವೆ ಒಂದು ಫ್ಯಾನು.

ಕೊಂಡಿ ಕೇಳಲು ಹೋದಾಗ ನಾನೂ ಜೊತೆಗಿದ್ದೆ.

“ತೂತು ಹಾಕಿದ್ರ ಸ್ಲ್ಯಾಬ್ ಸೋರ್ತೈತಿ, ಅಕ್ಕಾರ. ಸ್ಟ್ಯಾಂಡಿನ ತೊಟ್ಟಿಲ ತರ್ರಿ,” ಎಂದರು ಮಾಲೀಕರು.

“ಫ್ಯಾನಿಗೆ ಕೊಂಡಿ ಐತಿ, ಕೂಸಿಗಿಲ್ಲ! ಫ್ಯಾನೇನು ನಿಮ್ಮ ಮನ್ಯಾಗ ಹುಟ್ಟೈತೇನ್ರಿ?”

ಅವರು ನಕ್ಕರು, ಒಪ್ಪಲಿಲ್ಲ.

ಹೆಸರಿಡುವ ದಿನ ಹೋಗಿ ನೋಡಿದರೆ ಫ್ಯಾನು ಮೂಲೆಯಲ್ಲಿ ಗೋಡೆಗೊರಗಿ ಕುಳಿತಿತ್ತು. ಅದರ ಕೊಂಡಿಗೆ ತೊಟ್ಟಿಲು! ಸಾಲಿನ ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಜೋಗುಳ ಹಾಡುತ್ತಿದ್ದರು. ಮಾಲೀಕರು ಒಳಗೆ ಬಂದು ಮೇಲೆ ನೋಡಿದರು. ಹಾಡು ನಿಂತಿತು.

“ತೂತು ಹಾಕಿಲ್ರಿ,” ಎಂದಳು ಅಕ್ಕ. “ಕುಂತ್ರಿ, ಹೋಳಿಗಿ ಉಣ್ರಿ.”

ಅವರು ಅಂಗಿಯ ಗುಂಡಿ ಬಿಚ್ಚಿ ಕುಳಿತರು. ಒಂದು ಕೈಯಲ್ಲಿ ಬೆವರು ಒರೆಸಿಕೊಳ್ಳುತ್ತ, ಇನ್ನೊಂದರಲ್ಲಿ ತೊಟ್ಟಿಲು ತೂಗಿದರು.

ಬಾಣಂತನ ಮುಗಿಯುವ ತನಕ ಆ ಮನೆಯಲ್ಲಿ ಫ್ಯಾನು ತಿರುಗಲಿಲ್ಲ. ಮುಂದೆ ಬಾಡಿಗೆ ಏರಿದ ಹಾಗೆ ಅಕ್ಕ ಸವಣೂರಿಗೆ ಹೋದಳು, ಅಲ್ಲಿಂದ ತಡಸಕ್ಕೆ... ಅಲ್ಲೇ ತೀರಿಕೊಂಡಳೆಂದು ತಡವಾಗಿ ತಿಳಿಯಿತು. ತೊಟ್ಟಿಲು ಯಾರ ಮನೆಯಲ್ಲಿದೆಯೋ.

“ತೊಟ್ಟಿಲಿಗೆ ಒಂದು ಕೊಂಡಿ ಹೆಚ್ಚಿಗೆ ಹಾಕು,” ಎಂದೆ ಮೇಸ್ತ್ರಿಗೆ.

“ಯಾಕ್ರಿ, ಮನ್ಯಾಗ ಕೂಸೈತೇನ್ರಿ?”

“ನಮ್ಮಲ್ಲಿಲ್ಲ. ಬಾಡಿಗಿಗೆ ಬರೋರ ಕಡೆ ಇದ್ರ?”

ಅವನು ನನ್ನನ್ನೊಮ್ಮೆ ನೋಡಿದ. “ಎಲ್ಲಿ ಹಾಕ್ಲಿ, ಹೇಳ್ರಿ.”

ಬಾಗಿಲಿಗೆ ಎದುರೋ, ಕಿಟಕಿಯ ಕಡೆಗೋ... ಅಕ್ಕನಿಗೆ ಗೊತ್ತಿರುತ್ತಿತ್ತು. ಕೇಳೋಣವೆಂದರೆ ಅವಳಿಲ್ಲ.